ರೈಜನ್ 5 5600ಜಿ ತರಲೋ, ಕೋರ್ ಐ5 12400 ತರಲೋ? ವಿಜಯಪುರದ ಮನಿಗೆ, ಇಬ್ಬರ ಕೆಲಸಕ್ಕ ಒಂದೇ ಕಂಪ್ಯೂಟರ್

ಗುಮ್ಮಟದೂರು, ವಿಜಯಪುರ

ಎಲ್ಲಾರಿಗೂ ನಮಸ್ಕಾರ. ನಮ್ಮನ್ಯಾಗ ಈಗಿರೋ ಕಂಪ್ಯೂಟರ್ 2012ರಾಗ ತಂದದ್ದು. ಐ3 2100 ಪ್ರೊಸೆಸರ್, 4 ಜಿಬಿ ರ‍್ಯಾಮ್. ಇಷ್ಟು ವರ್ಷ ಅದರ ಮ್ಯಾಲೇ ನನ್ನ ಸ್ಟುಡಿಯೋ ಕೆಲಸ ನಡದದ. ಪಾಸ್‌ಪೋರ್ಟ್ ಫೋಟೋ, ಲಗ್ನದ ಆಲ್ಬಮ್, ಹುಟ್ಟುಹಬ್ಬದ ಬ್ಯಾನರ್. ಈಗ ತಂಗಿ ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದಾಗ ಅದಾಳ. ಹೋದ ವಾರ ಆಕಿ ಮೊಬೈಲ್ ಆ್ಯಪ್ ಬರಿಯೋ ಆಂಡ್ರಾಯ್ಡ್ ಸ್ಟುಡಿಯೋ ತೆರದು, ಅಡಗಿಮನಿಗೆ ಹೋಗಿ ಚಹಾ ಮಾಡಿ, ಎಲ್ಲಾರಿಗೂ ಕೊಟ್ಟು ಬಂದ್ರೂ ಪ್ರಾಜೆಕ್ಟ್ ಇನ್ನೂ ಲೋಡ್ ಆಗ್ತಿತ್ತು. ಆಕಿ ಒಂದು ಮಾತೂ ಅನ್ನಲಿಲ್ಲ. ಅದೇ ನನಗ ಭಾಳ ಚುಚ್ಚಿತು.

ಬಜೆಟ್ 45 ಸಾವಿರ, ಮಾನಿಟರ್ ಬಿಟ್ಟು. ಗ್ರಾಫಿಕ್ಸ್ ಕಾರ್ಡ್ ಈಗ ಆಗೂದಿಲ್ಲ. ಇಬ್ಬರು ಅಂಗಡಿಯವರು ಕೊಟೇಷನ್ ಕೊಟ್ಟಾರ. ಒಬ್ಬರದು ರೈಜನ್ 5 5600ಜಿ, ಬಿ550 ಬೋರ್ಡ್. ಇನ್ನೊಬ್ಬರದು ಕೋರ್ ಐ5 12400, ಎಚ್610 ಬೋರ್ಡ್. ಇಬ್ಬರದೂ 16 ಜಿಬಿ ಡಿಡಿಆರ್4 ರ‍್ಯಾಮ್, 500 ಜಿಬಿ ಎನ್‌ವಿಎಂಇ, ಅಂದ್ರ ಜೋರ್ ಓಡೋ ಡಿಸ್ಕ್. ಒಟ್ಟು ರೇಟಿನಾಗ ಸಾವಿರ ರೂಪಾಯಿ ಸುದ್ದಾ ಫರಕಿಲ್ಲ. ಅಕ್ಷಯ ತದಿಗಿಗೆ ಲಗ್ನ ಭಾಳ ಅವ, ಅದರೊಳಗ ಪೆಟ್ಟಿಗಿ ತಯಾರಾಗಬೇಕು. ಯಾವುದು ತರಲಿ?


ಇಳಕಲ್ ದಡಿ, ಬಾಗಲಕೋಟೆ ಜಿಲ್ಲೆ

ಅಣ್ಣಾ, ಎರಡೂ ಬ್ಯಾಡ. 5600ಜಿ ಬಂದದ್ದು 2021ರಾಗ, 12400 ಬಂದದ್ದು 2022ರ ಜನವರಿಯಾಗ. ಎಎಂಡಿ ರೈಜನ್ ಕೂಡೂ ಎಎಂ4 ಸಾಕೆಟ್ ಆತು, ಇಂಟೆಲ್ ಕೋರ್ ಕೂಡೂ ಎಲ್‌ಜಿಎ1700 ಸಾಕೆಟ್ ಆತು, ಎರಡರದೂ ದಾರಿ ಮುಗದೈತಿ. ಇಂಟೆಲ್ ಆಗಲೇ ಎಲ್‌ಜಿಎ1851ಕ್ಕ ಹೋಗೈತಿ. ಎಎಂಡಿಯ ಹೊಸ ಸಾಕೆಟ್ ಎಎಂ5 ಇರೂ ಬೋರ್ಡಿಗೆ ರೈಜನ್ 5 7600 ಕೂಡಸು. ಆರು ಕೋರ್ (ಕೆಲಸ ಮಾಡೂ ಭಾಗ), ಹನ್ನೆರಡು ಥ್ರೆಡ್ (ಒಮ್ಮೆಗೇ ನಡಸೂ ಕೆಲಸ), 5.1 ಗಿಗಾಹರ್ಟ್ಜ್ ತನಕ ಓಡತೈತಿ. ಎಎಂ5ಗೆ ಕಡಿಮಿ ಅಂದ್ರೂ 2027ರ ತನಕ ಹೊಸ ಪ್ರೊಸೆಸರ್ ಕೊಡತೀವಿ ಅಂತ ಎಎಂಡಿನೇ ಹೇಳೈತಿ. ಹದಿನಾಲ್ಕು ವರ್ಷ ಒಂದೇ ಕಂಪ್ಯೂಟರ್ ಓಡಿಸಿದವರಿಗೆ ಮುಂದಿನ ದಾರಿ ಭಾಳ ಮುಖ್ಯ.


ಕುಂದಾನಗರಿ ರಿಪೇರಿ, ಬೆಳಗಾವಿ

ಇಳಕಲ್ ತಮ್ಮಾ, ನೀ ಹೇಳಿದ್ದು ಖರೇ. ಆದ್ರ ಎಎಂ5ಗೆ ಡಿಡಿಆರ್5 ರ‍್ಯಾಮೇ ಬೇಕು, ಡಿಡಿಆರ್4 ಅದರಾಗ ಕೂಡೂದೇ ಇಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೆಂಗ ಏರೇದ ನೋಡೀಯಲ್ಲ? ಚಿಪ್ ಮಾಡೋರೆಲ್ಲ ಎಐ ಸರ್ವರ್‌ಗಳ ಮೆಮೊರಿ ಕಡೆ ಹೊಳ್ಳಿದ್ರು, ನಮ್ಮಂಥ ಮನಿ ಗಿರಾಕಿಗೆ ಉಳಿದದ್ದು ತುಟ್ಟಿ. ಡಿಡಿಆರ್4 ಸುದ್ದಾ ಏರೇದ, ಆದ್ರ 45 ಸಾವಿರದಾಗ ಅದನ್ನ ಇನ್ನೂ ಹೊಂದಿಸಬಹುದು. ಇವತ್ತು ಎಎಂ5 ಹಾಕಿದ್ರ ಅವರು 8 ಜಿಬಿ ರ‍್ಯಾಮಿಗೆ ಇಳೀಬೇಕಾಗ್ತದ. ತಂಗಿ ಮತ್ತ ಚಹಾ ಮಾಡಾಕ ಎದ್ದು ಹೋಗ್ತಾಳ.

ಗುಮ್ಮಟದೂರು ಸರ್, ಈಗ ನಿಮ್ಮ ಎರಡು ಪ್ರೊಸೆಸರ್ ಮಾತಿಗೆ ಬರ್ತೀನಿ. ಎರಡರಾಗೂ ಆರು ಕೋರ್, ಹನ್ನೆರಡು ಥ್ರೆಡ್, ಮ್ಯಾಲಿನ ವೇಗ 4.4 ಗಿಗಾಹರ್ಟ್ಜ್. ಕಾಗದದ ಮ್ಯಾಲೆ ಅವಳಿ-ಜವಳಿ ಕಂಡಂಗ ಕಾಣತಾವ, ಒಳಗ ಹಂಗಿಲ್ಲ. 12400ರ ಒಂದೊಂದು ಕೋರ್ ಅದೇ ವೇಗದಾಗ ಹೆಚ್ಚು ಕೆಲಸ ಮಾಡ್ತದ. ಫೋಟೋಶಾಪ್, ಕೋರೆಲ್ ಡ್ರಾ ಹೆಚ್ಚಾಗಿ ಒಂದೆರಡು ಕೋರ್ ಮ್ಯಾಲೇ ನಿಂತಿರೋ ಸಾಫ್ಟ್‌ವೇರ್, ಅಲ್ಲಿ ಇದು ಮುಂದ. 5600ಜಿ ಅಂದ್ರ 5600 ಅಲ್ಲ ಅನ್ನೋದೂ ಗೊತ್ತಿರಲಿ. ಬರೇ 5600ಕ್ಕ 32 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ಸಣ್ಣ, ಜೋರಿನ ಮೆಮೊರಿ), ಜಿ ಇದ್ದದ್ದಕ್ಕ 16 ಎಂಬಿ. ಚಿಪ್ಪಿನಾಗ ಗ್ರಾಫಿಕ್ಸ್ ಕೂಡಿಸಾಕ ಕ್ಯಾಶ್ ಕಡದಾರ. ಬದಲಿಗೆ ಸಿಗೋ ವೇಗಾ 7 ಗ್ರಾಫಿಕ್ಸ್ ಮಾತ್ರ ಖರೇನೇ ಚಲೋ. ಇಂಟೆಲ್ಲಿನ ಯುಎಚ್‌ಡಿ 730 ಆಟದಾಗ ಅದರ ಹತ್ರಕ್ಕೂ ಬರೂದಿಲ್ಲ.

ಆಮ್ಯಾಲೆ ಒಂದು ಕೆಲಸ ಮಾಡ್ರಿ. ಎರಡೂ ಕೊಟೇಷನ್ ಮತ್ತೊಮ್ಮೆ ತೆಗದು ಒಂದೊಂದೇ ಅಕ್ಷರ ಓದಿ ಇಲ್ಲಿ ಹಾಕ್ರಿ. 12400 ಆದ ಮ್ಯಾಲೆ ಏನಾರ ಅಕ್ಷರ ಅದ ಏನು ನೋಡ್ರಿ. ಸ್ಟುಡಿಯೋದಾಗ ವಿಡಿಯೋ ಕೆಲಸ ಅದನೋ ಇಲ್ಲೋ, ಅದನ್ನೂ ಹೇಳ್ರಿ. ಉತ್ತರ ಅದರ ಮ್ಯಾಲೇ ನಿಂತದ.


ಕೃಷ್ಣಾ ತೀರ, ಜಮಖಂಡಿ

ಏನೇ ಅನ್ರಿ, ಎಎಂಡಿ ಬಿಸಿ ಆಗತೈತಿ. ವಿಜಯಪುರದ ಬ್ಯಾಸಗಿಯಾಗ ತಡಿಯೂದಿಲ್ಲ. ನಮ್ಮ ಕಾಕಾ ಅವರ ಎಎಂಡಿ ಎಫ್‌ಎಕ್ಸ್ ಪ್ರೊಸೆಸರಿನ ಕಂಪ್ಯೂಟರ್ ಮೇ ತಿಂಗಳಾಗ ತಾನೇ ಬಂದ್ ಆಗತಿತ್ತು. ಕಣ್ಣಾರೆ ನೋಡೇನಿ.


ಕುಂದಾನಗರಿ ರಿಪೇರಿ

ನೀವು ನೋಡಿದ್ದು ಸುಳ್ಳಲ್ರಿ. ಎಫ್‌ಎಕ್ಸ್ 8350 ಅಂಥವು 2012ರವು, 125 ವ್ಯಾಟ್. ಆ ಹೆಸರು ಎಎಂಡಿಗೆ ಇನ್ನೂ ಅಂಟಿಕೊಂಡದ. ಈಗಿನ ಲೆಕ್ಕ ಬ್ಯಾರೆ. 5600ಜಿ 65 ವ್ಯಾಟಿನದು, ಜೋರ್ ಲೋಡಿನಾಗ 88 ವ್ಯಾಟ್ ದಾಟೂದಿಲ್ಲ. 12400ಕ್ಕೂ 65 ಅಂತನೇ ಬರದಿರ್ತಾರ, ಟರ್ಬೋ ಹೊತ್ತಿನಾಗ, ಅಂದ್ರ ವೇಗ ಏರಿದಾಗ, 117ರ ತನಕ ಹೋಗಾಕ ಇಂಟೆಲ್ಲೇ ಬಿಟ್ಟದ. ಬಿಸಿ ವಿಷಯದಾಗ ಇವತ್ತು ಎಎಂಡಿನೇ ತಣ್ಣಗ ಅದ. ಎರಡಕ್ಕೂ ಪೆಟ್ಟಿಗಿಯೊಳಗ ಕೂಲರ್ ಬರ್ತದ, ಎರಡೂ ಸಾಕಾಗ್ತಾವ. ಆದ್ರ ಕೋಣಿ 40 ಡಿಗ್ರಿ ಇದ್ದಾಗ ಪ್ರೊಸೆಸರ್ ಸುದ್ದಾ ಅಷ್ಟೇ ಮ್ಯಾಲೆ ಏರ್ತದ ಅನ್ನೋದು ತಲ್ಯಾಗ ಇರಲಿ. 25 ಡಿಗ್ರಿ ಕೋಣ್ಯಾಗ 65 ತೋರಿಸಿದ್ದು 40ರಾಗ ಹೆಚ್ಚುಕಡಿಮಿ 80 ತೋರಿಸ್ತದ. ಬೆಳಗಾವಿಯಾಗ ನಮಗ ಇದರ ಚಿಂತಿ ಕಡಿಮಿ, ನಿಮ್ಮ ಕಡೆ ಕ್ಯಾಬಿನೆಟ್ಟಿಗೆ ಮುಂದ ಎರಡು, ಹಿಂದ ಒಂದು ಫ್ಯಾನ್ ಬೇಕೇ ಬೇಕು.


ಗುಮ್ಮಟದೂರು

ಕುಂದಾನಗರಿ ಅಣ್ಣಾರ, ನೀವು ಹೇಳಿದ್ದಕ್ಕ ಕೊಟೇಷನ್ ತೆಗದು ನೋಡಿದೆ. ಕೈಯಾಗ ಬರದದ್ದು, 12400 ಅಂತ. ಅದರ ಮುಂದ ಸಣ್ಣಗ ಎಫ್ ಅದ. ನಾನು ಅದನ್ನ ಬರವಣಿಗಿ ಗೀಟು ಅಂತ ತಿಳಕೊಂಡಿದ್ದೆ. ಎಫ್ ಅಂದ್ರ ಏನ್ರಿ?

ವಿಡಿಯೋ ಹೋದ ವರ್ಷದಿಂದ ಶುರು ಮಾಡೀನಿ. ಸೋನಿ ಕ್ಯಾಮೆರಾ ಬಾಡಿಗಿಗೆ ತರ್ತೀನಿ, ಎಡಿಟಿಂಗ್ ಹುಬ್ಬಳ್ಳಿಗೆ ಕೊಟ್ಟು ಮಾಡಸ್ತೀನಿ. ಹೊಸ ಪೆಟ್ಟಿಗಿ ಬಂದ ಮ್ಯಾಲೆ ನಾನೇ ಪ್ರೀಮಿಯರ್ ಪ್ರೋದಾಗ ಮಾಡಬೇಕಂತ ಆಸೆ ಅದ.


ಕುಂದಾನಗರಿ ರಿಪೇರಿ

ಎಫ್ ಅಂದ್ರ ಆ ಪ್ರೊಸೆಸರಿನಾಗ ಗ್ರಾಫಿಕ್ಸ್ ಇಲ್ಲ. ಮಾನಿಟರ್ ವೈರ್ ಬೋರ್ಡಿಗೆ ಚುಚ್ಚಿದ್ರ ಪರದೆ ಕರ‍್ರಗ ಉಳೀತದ. ನೀವು ಗ್ರಾಫಿಕ್ಸ್ ಕಾರ್ಡ್ ತಗೊಳ್ಳೂದಿಲ್ಲ ಅಂದಮ್ಯಾಲೆ ಆ ಪೆಟ್ಟಿಗಿ ನಿಮ್ಮ ಮನಿಗೆ ಬಂದ ದಿನವೇ ಸತ್ತಂಗ. ಅಂಗಡಿಯವರು ಬೇಕಂತನೇ ಹಾಕ್ಯಾರ ಅಂತ ನಾ ಅನ್ನೂದಿಲ್ಲ, ಎಫ್ ಸ್ವಲ್ಪ ಸೋವಿ ಅಂತ ರೂಢಿಯಿಂದ ಬರದಿರಬಹುದು. ಆದ್ರ ನೀವು ಬಿಲ್ಲಿನಾಗ ಪೂರಾ ಹೆಸರು ಬರಸ್ರಿ: ಕೋರ್ ಐ5 12400, ಎಫ್ ಇಲ್ಲದ್ದು, ಬಾಕ್ಸ್ ಪೀಸ್. ಡಬ್ಬಿ ಇಲ್ಲದ ಬಿಡಿ ಟ್ರೇ ಪೀಸ್ ಬ್ಯಾಡ. ಬಾಕ್ಸಿಗೆ ಕಂಪನಿಯಿಂದ 3 ವರ್ಷ ವಾರಂಟಿ, ಕೂಲರ್ ಒಳಗೇ ಇರ್ತದ. ಜಿಎಸ್‌ಟಿ ಬಿಲ್ ಇಲ್ಲದ ಆ ವಾರಂಟಿ ಕೇಳಾಕ ಹೋಗಬ್ಯಾಡ್ರಿ, ಹದಿನೆಂಟು ಪರ್ಸೆಂಟ್ ಉಳಸ್ತೀನಿ ಅಂತ ಯಾರಾದ್ರೂ ಅಂದ್ರ ಒಪ್ಪಬ್ಯಾಡ್ರಿ.


ನವನಗರ ಕ್ಯಾಮೆರಾ, ಬಾಗಲಕೋಟೆ

ಸೋನಿ ಅಂದ್ರಲ್ಲ, ಅದಕ್ಕ ಬರೀತೀನಿ. ನಾ ಎಂಟು ವರ್ಷದಿಂದ ಲಗ್ನದ ವಿಡಿಯೋ ಮಾಡತೀನಿ. ಇಲ್ಲಿ ಯಾರೂ ಹೇಳದ ಒಂದು ಮಾತು ಐತಿ, ನನಗ ಅದು ಒಂದು ಸೀಜನ್ ಪೂರ್ತಿ ಕಣ್ಣೀರು ಹಾಕಿಸಿ ಕಲಿಸೈತಿ.

ಈಗಿನ ಸೋನಿ, ಕ್ಯಾನನ್ ಕ್ಯಾಮೆರಾ 10 ಬಿಟ್ 4:2:2 ಅಂತ ರೆಕಾರ್ಡ್ ಮಾಡತಾವು. ಬಣ್ಣದ ಮಾಹಿತಿ ಹೆಚ್ಚು ಇರತೈತಿ, ಅರಿಷಿಣ ಹಚ್ಚಿದ ಮುಖ, ಇಳಕಲ್ ಸೀರಿ ಕೆಂಪು, ಇವೆಲ್ಲ ಗ್ರೇಡಿಂಗ್ ಮಾಡುವಾಗ, ಅಂದ್ರ ಬಣ್ಣ ತಿದ್ದುವಾಗ, ಒಡಿಯೂದಿಲ್ಲ. ಆದ್ರ ಈ ಫೈಲ್ ಬಿಚ್ಚೂದು ಪ್ರೊಸೆಸರಿಗೆ ಭಾಳ ಭಾರ. ವಿಡಿಯೋ ಬಿಚ್ಚಾಕ ಅಂತಲೇ ಒಂದು ಯಂತ್ರ ಇಂಟೆಲ್ ಗ್ರಾಫಿಕ್ಸ್ ಒಳಗ ಐತಿ, ಅದು ಎಚ್‌ಇವಿಸಿ (ವಿಡಿಯೋ ಕುಗ್ಗಿಸಿಡೂ ಹೊಸ ರೀತಿ) 4:2:2 ಸುದ್ದಾ ಬಿಚ್ಚತೈತಿ. ಕ್ವಿಕ್ ಸಿಂಕ್ ಅಂತಾರ. ಡೆಸ್ಕ್‌ಟಾಪಿನಾಗ 11ನೇ ಜನರೇಷನ್‌ದಿಂದ ಈ 4:2:2 ಬಂದೈತಿ, 12400ರ ಯುಎಚ್‌ಡಿ 730ರಾಗೂ ಐತಿ. 5600ಜಿ ವೇಗಾದಾಗ ಇಲ್ಲ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿನಾಗ ಸುದ್ದಾ 2025ರ 50 ಸೀರೀಸ್ ಬರೂ ತನಕ ಇರಲಿಲ್ಲ. ನಾ ಆಗ ದುಡ್ಡು ಕೂಡಿಸಿ ದೊಡ್ಡ ಕಾರ್ಡ್ ಹಾಕಸಿದೆ, ಎಡಿಟಿಂಗ್ ಟೈಮ್‌ಲೈನ್ ಮಾತ್ರ ತಡವರಿಸಕೋತನೇ ಇತ್ತು. ಕಾರಣ ತಿಳಿಯಾಕ ಮೂರು ತಿಂಗಳು ಹತ್ತಿತು. ಕಡೀಕ ಸಾದಾ ಐ5ದ ಗೆಳೆಯನ ಕಂಪ್ಯೂಟರಿನಾಗ ಅದೇ ಫೈಲ್ ನೀರಿನಂಗ ಓಡಿದ್ದು ನೋಡಿ ಗೊತ್ತಾತು.

ಒಂದು ಎಚ್ಚರಿಕಿ. ಸೋನಿಯಾಗ ಎಕ್ಸ್‌ಎವಿಸಿ ಎಸ್, ಎಕ್ಸ್‌ಎವಿಸಿ ಎಚ್‌ಎಸ್ ಅಂತ ಎರಡು ಇರತಾವು. ಎಸ್ ಅಂದ್ರ ಎಚ್.264, ವಿಡಿಯೋ ಕುಗ್ಗಿಸೂ ಹಳೇ ರೀತಿ. ಅದರ 4:2:2 ಫೈಲಿಗೆ 12400 ಸುದ್ದಾ ಸಹಾಯ ಮಾಡೂದಿಲ್ಲ. ಎಚ್‌ಎಸ್ ಇಟ್ಟು ಶೂಟ್ ಮಾಡ್ರಿ, ಅದು ಎಚ್‌ಇವಿಸಿ. ಬಾಡಿಗಿ ಕ್ಯಾಮೆರಾ ಅಂದ್ರ ಹಿಂದಿನವ್ರು ಏನು ಇಟ್ಟಿರತಾರೋ ಗೊತ್ತಿಲ್ಲ, ಅಕ್ಕಿಕಾಳು ಬೀಳೂಕಿಂತ ಮೊದಲು ಮೆನು ತೆಗದು ನೋಡೂದು ರೂಢಿ ಮಾಡಕೊಳ್ರಿ.

ಎಫ್ ತಗೊಂಡಿದ್ರ ಈ ಯಂತ್ರವೂ ಹೋಗತಿತ್ತು. ಎಫ್‌ದಾಗ ಗ್ರಾಫಿಕ್ಸೇ ಇಲ್ಲ, ಅಂದಮ್ಯಾಲೆ ಕ್ವಿಕ್ ಸಿಂಕ್ ಎಲ್ಲಿಂದ?


ಮಲಪ್ರಭಾ ಮೇಡಂ, ಬೆಳಗಾವಿ

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಆದ್ದರಿಂದ ತಂಗಿಯ ಪರವಾಗಿ ನಾಲ್ಕು ಮಾತು. ಇಲ್ಲಿಯವರೆಗೆ ಅಣ್ಣನ ಫೋಟೋ, ಅಣ್ಣನ ವಿಡಿಯೋ ಬಗ್ಗೆಯೇ ಮಾತು ನಡೆದಿದೆ. ಕಂಪ್ಯೂಟರ್ ಬದಲಿಸಬೇಕು ಅನ್ನಿಸಿದ್ದು ಅವಳ ಕಾರಣಕ್ಕೆ ಅಲ್ಲವೇ?

ಅವಳ ಕೆಲಸಕ್ಕೆ ಎರಡು ಪ್ರೊಸೆಸರ್‌ಗಳಲ್ಲಿ ಯಾವುದಾದರೂ ಆದೀತು, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಪೈಥಾನ್, ಜಾವಾ, ಡೇಟಾಬೇಸ್ ಲ್ಯಾಬ್, ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗಿನ ನಕಲು ಕಂಪ್ಯೂಟರ್) ಲಿನಕ್ಸ್, ಇವಕ್ಕೆ ಆರು ಕೋರ್ ಧಾರಾಳ. ಕತ್ತು ಹಿಸುಕುವುದು ರ‍್ಯಾಮ್. ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್ (ಕಂಪ್ಯೂಟರಿನೊಳಗೆ ನಡೆಯುವ ನಕಲು ಮೊಬೈಲ್), ಬ್ರೌಸರಿನಲ್ಲಿ ಹತ್ತು ಟ್ಯಾಬ್ ಸೇರಿದರೆ 16 ಜಿಬಿ ತುಂಬಿ ಬರುತ್ತದೆ. ಎಚ್610 ಬೋರ್ಡಿನಲ್ಲಿ ರ‍್ಯಾಮಿಗೆ ಎರಡೇ ಸ್ಲಾಟ್. ಇವತ್ತು 8 ಜಿಬಿಯ ಎರಡು ಹಾಕಿದರೆ ನಾಳೆ ಹೆಚ್ಚಿಸಲು ಹಳೆಯದನ್ನು ತೆಗೆಯಬೇಕು. ಹಾಗಂತ 16ರ ಒಂದೇ ಪಟ್ಟಿ ಹಾಕಿಸಬೇಡಿ. ಒಳಗಿನ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು, ಎರಡು ಪಟ್ಟಿ ಇದ್ದರೆ ಅದಕ್ಕೆ ದಾರಿ ಅಗಲವಾಗುತ್ತದೆ. ನಾಲ್ಕು ಸ್ಲಾಟ್ ಇರುವ ಬಿ660 ಅಥವಾ ಬಿ760 ಬೋರ್ಡ್ ಕೇಳಿ, ಡಿಡಿಆರ್4ನದೇ ಕೇಳಿ. ಒಂದೇ ಹೆಸರಿನ ಬೋರ್ಡ್ ಡಿಡಿಆರ್4, ಡಿಡಿಆರ್5 ಎರಡರಲ್ಲೂ ಬರುತ್ತದೆ, ಅದಲುಬದಲಾದರೆ ರ‍್ಯಾಮ್ ಕೂರುವುದಿಲ್ಲ.

ಯಾವುದನ್ನೇ ತಂದರೂ ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್) ಹೋಗಿ ವರ್ಚುವಲೈಸೇಷನ್, ಅಂದರೆ ವರ್ಚುವಲ್ ಮೆಷಿನ್, ಎಮ್ಯುಲೇಟರ್‌ಗಳಿಗೆ ಪ್ರೊಸೆಸರ್ ಕೊಡುವ ಸಹಾಯ, ಆನ್ ಆಗಿದೆಯೇ ನೋಡಿ. ಎಎಂಡಿ ಬೋರ್ಡ್‌ಗಳಲ್ಲಿ ಅದಕ್ಕೆ ಎಸ್‌ವಿಎಂ ಎಂದು ಹೆಸರು, ಎಷ್ಟೋ ಬೋರ್ಡ್‌ಗಳು ಅದನ್ನು ಆಫ್ ಮಾಡಿಯೇ ಕಳಿಸುತ್ತವೆ. ನನ್ನ ವಿದ್ಯಾರ್ಥಿನಿಯೊಬ್ಬಳು ಎಮ್ಯುಲೇಟರ್ ಆಮೆಯಂತೆ ನಡೆಯುತ್ತದೆಂದು ಒಂದು ಸೆಮಿಸ್ಟರ್ ಪೂರ್ತಿ ತನ್ನ ಮೊಬೈಲನ್ನೇ ವೈರಿಗೆ ಕಟ್ಟಿ ಪ್ರಾಜೆಕ್ಟ್ ಮುಗಿಸಿದಳು. ಕೊನೆಗೆ ಕೇಳಿದರೆ ಇದೊಂದು ಸ್ವಿಚ್ ಆನ್ ಮಾಡುವುದಿತ್ತು.

ಮಷೀನ್ ಲರ್ನಿಂಗ್ ಬಂದಾಗ ಎನ್ವಿಡಿಯಾ ಕಾರ್ಡ್ ಇಲ್ಲ ಎಂದು ಅವಳು ಕೊರಗುವುದು ಬೇಡ. ಗೂಗಲ್‌ನ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಳಸುವ ಗೂಗಲ್ ಕೊಲ್ಯಾಬ್‌ನ ಉಚಿತ ಖಾತೆಯಲ್ಲೇ ಕಾಲೇಜಿನ ಮಟ್ಟದ ಕೆಲಸ ಆಗುತ್ತದೆ.


ಇಳಕಲ್ ದಡಿ

ಮೇಡಂ ಹೇಳಿದ ಮ್ಯಾಲೆ ನನ್ನ ಎಎಂ5 ಹಠ ಬಿಟ್ಟೆ. ರ‍್ಯಾಮ್ ಮುಖ್ಯ ಅನ್ನೂದು ಒಪ್ಪತೀನಿ. ಆದ್ರ 12400 ಮ್ಯಾಲೆ ನನಗ ಇನ್ನೊಂದು ಅನುಮಾನ ಐತಿ. ಇಂಟೆಲ್ 13, 14ನೇ ಜನರೇಷನ್ ಪ್ರೊಸೆಸರ್ ಕ್ರ್ಯಾಶ್ ಆಗತಾವು ಅಂತ 2024ರಾಗ ದೊಡ್ಡ ಗದ್ದಲ ಆಗಿತ್ತಲ್ಲ? ಅದೇ ಸಾಕೆಟ್ ಇದು.


ಕುಂದಾನಗರಿ ರಿಪೇರಿ

ಸಾಕೆಟ್ ಅದೇ, ರೋಗ ಅದಲ್ಲ. ಪ್ರೊಸೆಸರ್ ತಾನೇ ಹೆಚ್ಚು ವೋಲ್ಟೇಜ್ ಕೇಳಿ ಕಾಲಕ್ರಮೇಣ ಸವೆದು ಹೋಗ್ತಿತ್ತು. 2024ರ ಆಗಸ್ಟ್‌ದಾಗ 0ಎಕ್ಸ್129 ಅನ್ನೋ ಮೈಕ್ರೋಕೋಡ್ (ಪ್ರೊಸೆಸರ್ ತಿದ್ದೋ ಸಾಫ್ಟ್‌ವೇರ್) ಕೊಟ್ರು, ವಾರಂಟಿನೂ 2 ವರ್ಷ ಹೆಚ್ಚು ಮಾಡಿದ್ರು. 12ನೇ ಜನರೇಷನ್ ಆ ಪಟ್ಟಿಯಾಗ ಇಲ್ಲ. ಆದ್ರ ನೀ ಕೇಳಿದ್ದು ಒಳ್ಳೇದಾತು. ಮುಂದ ಅವರು ಇದೇ ಬೋರ್ಡಿಗೆ ಹಳೇ 13 ಅಥವಾ 14ನೇ ಜನರೇಷನ್‌ದು ಸೆಕೆಂಡ್ ಹ್ಯಾಂಡ್ ತಂದ್ರ ಇದು ನೆನಪಿರಬೇಕು. ಅದನ್ನ ಮೊದಲಿನವ್ರು ಹೆಂಗ ಓಡಿಸ್ಯಾರೋ ಯಾರಿಗೆ ಗೊತ್ತು.

ಮುಂದೆಂದಾದ್ರೂ ಗ್ರಾಫಿಕ್ಸ್ ಕಾರ್ಡ್ ಹಾಕೂದಿದ್ರ ಅಲ್ಲೂ 12400ಕ್ಕ ಅನುಕೂಲ. ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿಗೆ ಪಿಸಿಐಇ ಅಂತಾರ, 5600ಜಿ ಅದರ 3.0ಗೇ ನಿಲ್ತದ, ಬೋರ್ಡ್ ಬಿ550 ಇದ್ರೂ ಅಷ್ಟೇ. ಆರ್‌ಎಕ್ಸ್ 6600 ಅಂಥ ಕಾರ್ಡಿಗೆ ಎಂಟೇ ಲೇನ್, ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ. ಅವು 4.0 ನಂಬಿ ಮಾಡಿದ ಕಾರ್ಡ್, 3.0ದಾಗ ಅರ್ಧ ದಾರಿ ಮುಚ್ಚಿದಂಗ. ಮನ್ಯಾಗ ಆಟ ಆಡೋ ಹುಡುಗರಿದ್ದು, ಕಾರ್ಡ್ ಎಂದೂ ಹಾಕೂದಿಲ್ಲ ಅಂದಿದ್ರ ನಾ ಕಣ್ಣು ಮುಚ್ಚಿ 5600ಜಿ ಅಂತಿದ್ದೆ. ಇವರದು ಆಲ್ಬಮ್, ಲಗ್ನದ ವಿಡಿಯೋ, ಆಂಡ್ರಾಯ್ಡ್ ಸ್ಟುಡಿಯೋ. ನನ್ನ ಮಾತು 12400.


ಆಲಮಟ್ಟಿ ವೈರ್‌ಮನ್, ವಿಜಯಪುರ ಜಿಲ್ಲೆ

ನನಗ ಪ್ರೊಸೆಸರ್ ತಿಳಿಯೂದಿಲ್ರಿ, ಕರೆಂಟ್ ತಿಳೀತದ. 45 ಸಾವಿರದ ಸಾಮಾನು ತಂದು ಚುಚ್ಚೂಕಿಂತ ಮೊದಲು ಆ ಪ್ಲಗ್ಗಿನ ಅರ್ಥಿಂಗ್ ನೋಡಸ್ರಿ. ನಮ್ಮ ಎರಿ ಭೂಮಿ ಮಳಿಗಾಲದಾಗ ಒಂದು ಥರಾ, ಬ್ಯಾಸಗಿಯಾಗ ಒಂದು ಥರಾ. ಏಪ್ರಿಲ್ ಬಂತಂದ್ರ ಬಾಯಿ ಬಿಟ್ಟು ಒಡೀತದ, ಅರ್ಥಿಂಗ್ ಪೈಪಿಗೂ ಮಣ್ಣಿಗೂ ಸಂಬಂಧ ತಪ್ತದ. ನ್ಯೂಟ್ರಲ್‌ಗೂ ಅರ್ಥಿಗೂ ನಡುವ ಮೀಟರ್ ಹಿಡದ್ರ 3 ವೋಲ್ಟ್ ಒಳಗ ಬರಬೇಕು. ಹೆಚ್ಚು ಬಂದ್ರ ಕುಣಿಗೆ ನೀರು ಹಾಕ್ರಿ. ಉಪ್ಪು, ಇದ್ದಲಿ ತುಂಬಿ ಎಷ್ಟು ವರ್ಷ ಆಗ್ಯಾವ ನೋಡ್ರಿ. ಕ್ಯಾಬಿನೆಟ್ ಮುಟ್ಟಿದ್ರ ಚುರ್ ಅಂತದ ಅಂತ ಭಾಳ ಮಂದಿ ಚಪ್ಪಲ್ ಹಾಕ್ಕೊಂಡು ಕೂತು ಕೆಲಸ ಮಾಡ್ತಾರ. ಅದು ಸುಮ್ಮನಿರೋ ಮಾತಲ್ಲ.


ನವನಗರ ಕ್ಯಾಮೆರಾ

ವೈರ್‌ಮನ್ ಕಾಕಾ ಹೇಳಿದ್ದು ಲಾಖ್ ಮಾತು. ಅದರ ಜೋಡಿ ಎಸ್‌ಎಂಪಿಎಸ್‌ದಾಗ (ಕಂಪ್ಯೂಟರಿಗೆ ಕರೆಂಟ್ ಕೊಡೂ ಡಬ್ಬಿ) ದುಡ್ಡು ಉಳಸಬ್ಯಾಡ್ರಿ. ಕ್ಯಾಬಿನೆಟ್ ಜೋಡಿ ಪುಕ್ಕಟ ಬರೂದು ಬ್ಯಾಡ, 80 ಪ್ಲಸ್ ಬ್ರಾಂಜ್ ದರ್ಜೆ ಇರೂ 450 ವ್ಯಾಟಿಂದು ಸಾಕು. ಕಾರ್ಡ್ ಇಲ್ಲದ ಈ ಪೆಟ್ಟಿಗಿ ಪೂರಾ ಜೋರಿನಾಗೂ 150 ವ್ಯಾಟ್ ಆಸುಪಾಸು ತಿನ್ನತೈತಿ, ಮಾನಿಟರ್ ಹಿಡದು 600 ವಿಎ ಯುಪಿಎಸ್ ಆಗತೈತಿ. ರೆಂಡರ್ ನಡುವ ಕರೆಂಟ್ ಹೋದ್ರ ಫೈಲ್ ಸೇವ್ ಮಾಡಿ ಬಂದ್ ಮಾಡೂವಷ್ಟು ಹೊತ್ತು ಸಿಕ್ಕರ ಸಾಕಲ್ಲ.


ಗುಮ್ಮಟದೂರು

ಇವತ್ತು ತಂದೆ. ಕೋರ್ ಐ5 12400 ಬಾಕ್ಸ್ ಪೀಸ್, ಎಫ್ ಇಲ್ಲದ್ದು. ಬಿ660 ಬೋರ್ಡ್, ನಾಲ್ಕು ಸ್ಲಾಟ್. 8 ಜಿಬಿ ಎರಡು ಪಟ್ಟಿ, 3200 ವೇಗದವು. ಬೋರ್ಡ್ ದೊಡ್ಡದಾದದ್ದಕ್ಕ ಬಜೆಟ್ ಏರ್ತಿತ್ತು, ಹೊಸ ಹಾರ್ಡ್ ಡಿಸ್ಕ್ ಬಿಟ್ಟು ಹಳೇ ಕಂಪ್ಯೂಟರಿನದೇ ಹಚ್ಚಿದೆ. ಅರ್ಥಿಂಗ್ ಮೀಟರ್ ಹಿಡಿಸಿದ್ವಿ, 14 ವೋಲ್ಟ್ ತೋರಿಸ್ತು. ಕುಣಿ ಅಗಸಿ ಉಪ್ಪು, ಇದ್ದಲಿ ಹೊಸದಾಗಿ ತುಂಬಿಸಿ ನೀರು ಬಿಟ್ಟ ಮ್ಯಾಲೆ 2ಕ್ಕ ಇಳೀತು. ಕಾಕಾ, ನಿಮಗ ಶರಣು.

ಪೆಟ್ಟಿಗಿ ನಾನೂ ತಂಗಿನೂ ಕೂಡೇ ಜೋಡಿಸಿದ್ವಿ. ಆನ್ ಆತು, ವಿಂಡೋಸ್ 11 ಹಾಕಿದ್ವಿ. ಆದ್ರ ಒಂದು ಹೆದರಿಕಿ ಅದ. ವಿಡಿಯೋ ಎಕ್ಸ್‌ಪೋರ್ಟ್ ಹಚ್ಚಿದ ಎರಡು ನಿಮಿಷಕ್ಕ 98 ಡಿಗ್ರಿ ತೋರಿಸ್ತು. ಕೋಣಿ 37 ಡಿಗ್ರಿ ಅದ. ಬಂದ್ ಮಾಡಿಟ್ಟೀನಿ. ಏನಾಗಿರಬಹುದು?


ಕುಂದಾನಗರಿ ರಿಪೇರಿ

100ಕ್ಕ ಮುಟ್ಟಿದ್ರ ಅದು ತಾನೇ ವೇಗ ಇಳಿಸಿ ಉಳಕೋತದ, ಸುಟ್ಟಿಲ್ಲ, ಹೆದರಬ್ಯಾಡ್ರಿ. 37 ಡಿಗ್ರಿ ಕೋಣ್ಯಾಗ 98 ಅಂದ್ರ ಕೂಲರ್ ಸರಿಯಾಗಿ ಕೂತಿಲ್ಲ. ಇಂಟೆಲ್ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಮೂರು ಕೂತು ಒಂದು ಎದ್ದಿದ್ರೂ ಮ್ಯಾಲಿಂದ ಗೊತ್ತಾಗೂದಿಲ್ಲ. ಬೋರ್ಡ್ ಹೊರಗ ತೆಗದು ಹಿಂಬದಿ ನೋಡ್ರಿ, ನಾಲ್ಕೂ ಕಾಲಿನ ತುದಿ ಅಲ್ಲಿ ಸೀಳಿ ಹೊರಗ ಕಾಣಬೇಕು. ಪುನಃ ಕೂಡಿಸುವಾಗ ಎದುರು-ಬದುರು ಮೂಲಿ ಒತ್ರಿ, ಒಂದರ ಹಿಂದ ಒಂದು ಸುತ್ತು ಹೋಗಬ್ಯಾಡ್ರಿ. ಕೂಲರಿಗೂ ಪ್ರೊಸೆಸರಿಗೂ ನಡುವಿನ ಹಳೇ ಪೇಸ್ಟ್ ಒರಸಿ ಹೊಸದು ಹಚ್ಚಬೇಕು, ಒಂದು ಬಟಾಣಿಯಷ್ಟು. ಆಮ್ಯಾಲೆ ಬಯಾಸ್‌ದಾಗ ಪವರ್ ಲಿಮಿಟ್ (ಪ್ರೊಸೆಸರ್ ತಿನ್ನೋ ವ್ಯಾಟಿನ ಮಿತಿ) ನೋಡ್ರಿ. ಎಷ್ಟೋ ಬೋರ್ಡ್ ಅದನ್ನ ಪೂರಾ ಬಿಟ್ಟಿರ್ತಾವ. ಬ್ಯಾಸಗಿ ಕಳಿಯೂ ತನಕ ಭಾಳ ಹೊತ್ತಿನ ಲಿಮಿಟ್ 65 ವ್ಯಾಟಿಗೆ ಇಡ್ರಿ.


ಗುಮ್ಮಟದೂರು

ಒಂದು ಕಾಲು ಬಾಗಿತ್ತು, ತಂಗಿಗೆ ಕಂಡಿತು. ಆಕಿನೇ ಒತ್ತಿ ಕೂಡಿಸಿದ್ಲು. ಈಗ ಅದೇ ಎಕ್ಸ್‌ಪೋರ್ಟ್ ಹಚ್ಚಿದ್ರ 74 ದಾಟಲಿಲ್ಲ. ಮೊನ್ನೆ ಮಾಡಿದ ಸೀಮಂತದ ಎಚ್‌ಎಸ್ ಫೈಲ್ ಪ್ರೀಮಿಯರ್‌ದಾಗ ಹಾಕಿ ಹಿಂದ-ಮುಂದ ಎಳದು ನೋಡಿದೆ, ಎಲ್ಲೂ ನಿಲ್ಲಲಿಲ್ಲ. ನವನಗರ ಅಣ್ಣಾರ, ಬಾಡಿಗಿ ಕ್ಯಾಮೆರಾ ಮೆನುದಾಗ ಖರೇನೇ ಬರೇ ಎಸ್ ಇಟ್ಟಿದ್ರು. ನೀವು ಹೇಳಿದ್ದಕ್ಕ ಆವತ್ತು ಮೊದಲೇ ಬದಲಿ ಮಾಡಿದ್ದೆ.

ಮೇಡಂ, ವರ್ಚುವಲೈಸೇಷನ್ ಆನೇ ಇತ್ತು. ತಂಗಿ ಈಗ ಎಮ್ಯುಲೇಟರ್ ಹಚ್ಚಿ ಕೂತಾಳ. ನಾ ಆಲ್ಬಮ್ ಕೆಲಸಕ್ಕ ಕಂಪ್ಯೂಟರ್ ಬಿಡು ಅಂತ ಎರಡು ಸಲ ಕೇಳಿದೆ, ಹತ್ತು ನಿಮಿಷ ಅಣ್ಣಾ ಅಂತಾಳ. ಇವತ್ತು ಚಹಾ ನಾನೇ ಮಾಡಿದೆ.